ಮಡಿಚಿ ಹೊಲೀಬೇಕಿತ್ತು, ಕತ್ತರಿಸಿಬಿಟ್ಟ

ಆಷಾಢದ ಒಂದು ಭಾನುವಾರ ಬೆಳಗ್ಗೆ. ಗವೀಪುರದ ಗಂಗಾಧರೇಶ್ವರನ ದೇವಸ್ಥಾನಕ್ಕೆ ಹೋಗ್ಬರೋಣ ಅಂತ ನಾನೂ ಮಗನೂ ಹೊರಟಿದ್ವಿ. ಕಾರಿನ ಬಾಗಿಲು ತೆಗೆದು, ಸೆರಗು ಸರಿ ಮಾಡ್ಕೊಂಡು ಕೂರೋಕೆ ಹೋದ್ರೆ ಸೀಟು ಸಿಗಬೇಕಾದ ಜಾಗದಲ್ಲಿ ಸಿಗಲೇ ಇಲ್ಲ. ಇನ್ನೂ ಕೆಳಕ್ಕೆ ಹೋಗಿ ಧೊಪ್ಪಂತ ಕೂತೆ. ಚಿಕ್ಕವರಿದ್ದಾಗ ಹಿಂದಿಂದ ಮಣೆ ಎಳೆದುಬಿಡ್ತಿದ್ರಲ್ಲ, ಹಾಗಾಯ್ತು. ವಯಸ್ಸಾಯ್ತು, ಮಂಡಿ ಹೋಯ್ತು ಅಂದ್ಕೊಂಡೆ. 56 ಆದ್ಮೇಲೆ ಏನಾದ್ರೂ ಮೊದಲು ನಮ್ಮ ಮಂಡಿ ಮೇಲೇ ಅನುಮಾನ ಬರೋದು, ಅಲ್ವಾ?

ಮಂಡಿ ಅಲ್ಲ, ಕಾರೇ ಕೆಳಗೆ ಹೋಗಿತ್ತು.

"ಲೋ ಮಾಡಿಸ್ದೆ ಅಮ್ಮ. ಹೆಂಗಿದೆ?" ಅಂದ ಮಗರಾಯ. ಹೊಸ ಬಟ್ಟೆ ಹಾಕ್ಕೊಂಡು ಬಂದು ಕೇಳ್ತಾರಲ್ಲ, ಹಾಗೆ ಮುಖ. ಇಳಿದು ನೋಡ್ದೆ. ಮೊದಲು ಚಕ್ರದ ಮೇಲೆ ನನ್ನ ಅಂಗೈ ಅಡ್ಡ ಹಿಡಿಯೋಷ್ಟು ಜಾಗ ಇರ್ತಿತ್ತು. ಈಗ ಎರಡು ಬೆರಳು ಹೋದ್ರೆ ಹೆಚ್ಚು.

"ಹೆಂಗೆ ಮಾಡಿದ್ರು?"

"ಸ್ಪ್ರಿಂಗ್ ಕಟ್ ಮಾಡಿದ್ರು. ಒಂದೂವರೆ ಸುತ್ತು."

ದುಡ್ಡೆಲ್ಲಿಂದ ಬಂತು ಅಂತ ಕೇಳೋಕೆ ಬಾಯಿ ತೆಗೆದೆ, ಹಾಗೇ ಮುಚ್ಕೊಂಡೆ. ಯಾಕೇಂದ್ರೆ ದುಡ್ಡು ಕೊಟ್ಟಿದ್ದು ನಾನೇ. "ಕಾರಿಗೆ ಸ್ವಲ್ಪ ಕೆಲಸ ಇದೆ ಅಮ್ಮ, ಅಪ್ಪಂಗೆ ಹೇಳ್ಬೇಡ, ಸುಮ್ನೆ ಟೆನ್ಶನ್ ಮಾಡ್ಕೋತಾರೆ" ಅಂದಿದ್ದ ಹಿಂದಿನ ವಾರ. ಬ್ಲೌಸ್ ಹೊಲಿದ ದುಡ್ಡು ಹಾಕಿಡೋ ಬೋರ್ನ್‌ವೀಟಾ ಡಬ್ಬೀಲಿ ಕೈ ಹಾಕಿ 2,500 ರೂಪಾಯಿ ಎಣಿಸಿ ಕೊಟ್ಟಿದ್ದೆ. ಏನು ಕೆಲಸ ಅಂತ ಕೇಳಿರಲಿಲ್ಲ. ತಾಯಂದಿರು ಕೇಳಬೇಕಾದಾಗ ಕೇಳಲ್ಲ, ಕೇಳಬಾರದಾಗ ನೂರು ಕೇಳ್ತೀವಿ.

ನಮ್ಮದು ಸುಲ್ತಾನ್‌ಪೇಟೆ. ಬೆಂಗಳೂರಲ್ಲಿ ಮದುವೆ ಗೊತ್ತಾದ ಎಷ್ಟೋ ಮನೆಯವರು ಲಗ್ನಪತ್ರಿಕೆ ಆರಿಸೋಕೆ ನಮ್ಮ ಬೀದಿಗೇ ಬರೋದು. ನಮ್ಮನೆಯವರದ್ದೂ ಅದೇ ಕೆಲಸ, ಚಿಕ್ಕ ಪ್ರೆಸ್ಸು. ಕೆಳಗೆ ಅಂಗಡಿ, ಮೇಲೆ ಮನೆ, ಮಧ್ಯೆ ಏಣಿಯಂಥ ಮೆಟ್ಟಿಲು. ಗಲ್ಲೀಲಿ ಕೈಗಾಡಿ, ಕಾಗದದ ರೀಮು, ಸ್ಕೂಟರು ಬಿಟ್ರೆ ಇನ್ನೊಂದಕ್ಕೆ ಜಾಗ ಇಲ್ಲ. ಅದಕ್ಕೇ ಕಾರು ಇರೋದು ಚಾಮರಾಜಪೇಟೇಲಿ, ನಮ್ಮ ನಾದಿನಿ ಮನೆ ಕಾಂಪೌಂಡಲ್ಲಿ. 2012ರಲ್ಲಿ ತಗೊಂಡ ಬೆಳ್ಳಿ ಬಣ್ಣದ ಸ್ವಿಫ್ಟು. ಐದು ವರ್ಷ ಕಂತು ಕಟ್ಟಿದೀವಿ. ಮನೆಯವರು ಅದನ್ನ ಒರೆಸೋದು ನೋಡಿದ್ರೆ ನಂಗೇ ಹೊಟ್ಟೆಕಿಚ್ಚು ಬರತ್ತೆ.

ಮಗ ಆ ಕುಯ್ದ ತುಂಡುಗಳನ್ನೂ ಮನೆಗೆ ತಂದಿದ್ದ. ಕಪ್ಪು ಬಣ್ಣದ, ಹೆಬ್ಬೆಟ್ಟಿನ ದಪ್ಪದ ಕಬ್ಬಿಣ. ಬಳೆ ಥರ ಒಂದೂವರೆ ಸುತ್ತು. ನಾಲ್ಕು ತುಂಡು. ಬಿಸಾಕೋಕೆ ಮನಸ್ಸು ಬರಲಿಲ್ಲ. ಒಂದನ್ನ ಸಿಂಬೆ ಮಾಡ್ಕೊಂಡು ಅದರ ಮೇಲೆ ಸಾರಿನ ಪಾತ್ರೆ ಇಟ್ಟೆ. ಪಾತ್ರೆ ವಾಲಿ ಅರ್ಧ ಸಾರು ಕಟ್ಟೆ ಮೇಲೆ. ನೋಡಿದ್ರೆ, ಕಂಪನಿಯವರು ಮಾಡಿದ ತುದಿ ಚಪ್ಪಟೆಯಾಗಿ ಕೂರತ್ತೆ, ಗ್ಯಾರೇಜಿನವನು ಕುಯ್ದ ತುದಿ ಹಾವು ಹೆಡೆ ಎತ್ತಿದ ಹಾಗೆ ಎತ್ತರಕ್ಕೆ ನಿಂತಿದೆ. ಆವತ್ತು ಅದನ್ನ ನಾನು ಸಾರಿನ ಲೆಕ್ಕದಲ್ಲಿ ಮಾತ್ರ ನೋಡ್ದೆ. ಇನ್ನೂ ದೊಡ್ಡ ಲೆಕ್ಕ ಇದೆ ಅಂತ ಆಮೇಲೆ ಗೊತ್ತಾಯ್ತು.

ದೇವಸ್ಥಾನದಿಂದ ಬರ್ತಾ ಒಂದು ವಿಷಯ ಗಮನಿಸಿದ್ದೆ. ಕಾರು ಕೆಳಗೆ ಬಂದಿದ್ದಷ್ಟೇ ಅಲ್ಲ, ಗಡುಸಾಗಿತ್ತು. ರಸ್ತೇಲಿ ಒಂದು ತೆಂಗಿನ ಚಿಪ್ಪು ಸಿಕ್ಕಿದ್ರೂ ಬೆನ್ನಿಗೆ ಗೊತ್ತಾಗ್ತಿತ್ತು. ಸ್ಪ್ರಿಂಗ್ ಚಿಕ್ಕದಾದ್ರೆ ಕಾರು ತಗ್ಗೋದು ಸರಿ, ಗಡುಸು ಯಾಕಾಗ್ಬೇಕು?

ನಾನು ಓದಿದ್ದು ಪಿಯುಸಿವರೆಗೆ, ಸೈನ್ಸು. ಆಮೇಲೆ ಮದುವೆ. ಆದ್ರೂ ಹುಕ್ ಅನ್ನೋನು ಸ್ಪ್ರಿಂಗ್ ಬಗ್ಗೆ ಏನೋ ಹೇಳಿದ್ದ ಅನ್ನೋದು ನೆನಪಿತ್ತು. ಎಷ್ಟು ಭಾರ ಹಾಕ್ತೀವೋ ಅಷ್ಟಕ್ಕೆ ತಕ್ಕ ಹಾಗೆ ಬಗ್ಗತ್ತೆ, ಎರಡರಷ್ಟು ಭಾರ ಹಾಕಿದ್ರೆ ಎರಡರಷ್ಟು ಬಗ್ಗತ್ತೆ ಅಂತ. 1678ರಲ್ಲೇ ಪುಸ್ತಕ ಬರೆದು ಹೇಳಿದ ಮಾತದು. ಅಂಗಡಿ ಮೇಜಿನ ಮೇಲೆ ಬಾಲ್ ಪೆನ್ನಿಗೆ ಬರವೇ? ಎರಡು ಬಿಚ್ಚಿ ಸ್ಪ್ರಿಂಗ್ ತೆಗೆದೆ. ಒಂದನ್ನ ಹಾಗೇ ಬಿಟ್ಟು, ಇನ್ನೊಂದನ್ನ ಅರ್ಧಕ್ಕೆ ಕತ್ತರಿಸಿ, ಎರಡನ್ನೂ ಬೆರಳಲ್ಲಿ ಒತ್ತಿ ನೋಡ್ದೆ. ಉದ್ದದ್ದು ಮೆತ್ತಗೆ ಬಗ್ತು. ಗಿಡ್ಡದ್ದು ಬೆರಳಿಗೆ ಚುಚ್ಚಿ ಕೂತ್ಕೊಳ್ತು. ನೀವೂ ಮಾಡಿ ನೋಡಿ, ಒಂದು ಪೆನ್ನು ಹೋದ್ರೆ ಹೋಯ್ತು.

ಕಾರಣ ಕಷ್ಟದ್ದೇನಲ್ಲ. ಸ್ಪ್ರಿಂಗ್ ಬಗ್ಗೋದು ಅಂದ್ರೆ ಒಂದೊಂದು ಸುತ್ತೂ ಚೂರುಚೂರು ತಿರುಚ್ಕೊಳ್ಳೋದು. ಬಂದ ಭಾರ ಪೂರ್ತಿಯಾಗಿ ಒಂದೊಂದು ಸುತ್ತಿನ ಮೇಲೂ ಬೀಳತ್ತೆ, ಎಲ್ಲ ಸುತ್ತುಗಳೂ ಬಗ್ಗಿದ್ದು ಸೇರಿದ್ರೆ ಸ್ಪ್ರಿಂಗ್ ಒಟ್ಟು ಬಗ್ಗಿದ್ದು. ಬಗ್ಗೋ ಸುತ್ತು ಆರಿದೆ ಅಂತ ಇಟ್ಕೊಳ್ಳಿ. ಒಂದೂವರೆ ಕುಯ್ದ್ರೆ ಉಳಿಯೋದು ನಾಲ್ಕೂವರೆ. ಬಗ್ಗೋ ಸುತ್ತು ಕಮ್ಮಿಯಾದ್ರೆ ಅದೇ ಭಾರಕ್ಕೆ ಒಟ್ಟು ಬಗ್ಗೋದೂ ಕಮ್ಮಿ. ಸ್ಪ್ರಿಂಗ್ ಮೂರನೇ ಒಂದು ಪಾಲು ಹೆಚ್ಚು ಗಡುಸಾಗತ್ತೆ. ಗಡುಸಾಯ್ತಲ್ಲ, ಗಟ್ಟಿಯಾಯ್ತು ಅಂತ ಸಂತೋಷ ಪಡೋ ಹಾಗಿಲ್ಲ. ಅದು ಬಗ್ಗದೆ ಬಿಟ್ಟಿದ್ದು ಎಲ್ಲೋ ಹೋಗಲ್ಲ, ಕೂತವರ ಸೊಂಟಕ್ಕೆ ಬರತ್ತೆ.

ನನ್ನ ಕೈಲಿ ಇಪ್ಪತ್ತೈದು ವರ್ಷದಿಂದ ಕತ್ತರಿ ಇದೆ. ಹೊಲಿಗೆ ಕಲಿಸಿದ ನಮ್ಮ ದೊಡ್ಡಮ್ಮ ಮೊದಲನೇ ದಿನ ಹೇಳಿದ್ದು ಒಂದೇ ಮಾತು. ಉದ್ದ ಆದ್ರೆ ಮಡಿಚಿ ಹೊಲಿ, ಕತ್ತರಿಸ್ಬೇಡ. ಮಡಿಚಿದ್ದನ್ನ ನಾಳೆ ಬಿಚ್ಚಬಹುದು. ದಪ್ಪ ಆಗೋ ಹುಡುಗಿ, ಬಸುರಿ ಆಗೋ ಹುಡುಗಿ, ತಂಗಿಗೆ ಕೊಡೋ ಲಂಗ, ಎಲ್ಲಕ್ಕೂ ಒಳಗೆ ಎರಡಿಂಚು ಬಿಟ್ಟೇ ಹೊಲಿಯೋದು. ಮಗನಿಗೆ ಇದನ್ನೇ ಹೇಳ್ದೆ.

ಅವನೂ ಸುಮ್ನಿರಲಿಲ್ಲ. ಮೊಬೈಲ್ ತೆಗೆದು ಅಮೆರಿಕದ ಕಾರುಗಳನ್ನ ತೋರಿಸ್ದ. ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೋ ಕಡೆಯ ಮನೆತನದ ಹುಡುಗರು ಹಳೇ ಕಾರುಗಳನ್ನ ನೆಲಕ್ಕೆ ತಾಗೋ ಹಾಗೆ ಇಳಿಸಿ, ಬಣ್ಣ ಬಳಿದು, ಭಾನುವಾರ ಮೆಲ್ಲಗೆ ಮೆರವಣಿಗೆ ಥರ ಓಡಿಸ್ತಾರಂತೆ. ಲೋರೈಡರ್ ಅಂತ ಹೆಸರು. ಎರಡನೇ ಮಹಾಯುದ್ಧ ಮುಗಿದ ಕಾಲದಿಂದ ಇದೆ. ಕೆಲವರು ಸ್ಪ್ರಿಂಗ್ ಕುಯ್ತಿದ್ರು, ಕೆಲವರು ಡಿಕ್ಕೀಲಿ ಮರಳಿನ ಮೂಟೆ ಹಾಕ್ತಿದ್ರು. ಚಕ್ರದ ರಿಮ್ಮಿಗಿಂತ ಕೆಳಗೆ ಕಾರಿನ ಯಾವ ಭಾಗವೂ ಬರಬಾರದು ಅಂತ 1958ರಲ್ಲಿ ಅಲ್ಲಿ ಕಾನೂನೇ ಮಾಡಿದ್ರು. ಹುಡುಗರು ಬಿಟ್ಟಾರ? ಮರುವರ್ಷವೇ ಒಬ್ಬ ವಿಮಾನದ ಹೈಡ್ರಾಲಿಕ್ ಪಂಪು ತಂದು ಜೋಡಿಸ್ದ. ಪೊಲೀಸ್ ಕಂಡ್ರೆ ಸ್ವಿಚ್ ಒತ್ತೋದು, ಕಾರು ಮೇಲೆ. ಪೊಲೀಸ್ ಹೋದ್ರೆ ಕಾರು ಕೆಳಗೆ.

ನಂಗೆ ನಗು ಬಂತು. "ಮರಳಿನ ಮೂಟೆಯವರು ಜಾಣರು ಕಣೋ. ಅಜ್ಜಿ ಹತ್ತೋವಾಗ ಮೂಟೆ ಇಳಿಸಬಹುದು. ನೀನು ಕುಯ್ದಿದ್ದನ್ನ ಎಲ್ಲಿ ಅಂಟಿಸ್ತೀಯ?"

ಆಗ ಅವನು ಮೆಲ್ಲಗೆ ಒಂದು ಮಾತಂದ. "ಆಫೀಸಲ್ಲಿ ಎಲ್ಲರೂ ಅದನ್ನ ಅಂಕಲ್ ಕಾರು ಅಂತಾರಮ್ಮ. ಮನೇಲಿ ಇರೋದೆಲ್ಲ ಅಪ್ಪಂದೇ. ಒಂದಾದ್ರೂ ನಂದು ಅನ್ನಿಸ್ಲಿ ಅಂತ." ನಾನು ಸುಮ್ಮನಾದೆ. 24 ವರ್ಷದ ಹುಡುಗ. ಅಪ್ಪನ ಅಂಗಿ ಕಿರಿದು ಮಾಡಿಸ್ಕೊಂಡು ಹಾಕ್ಕೊಳ್ಳೋ ಆಸೆ ತಪ್ಪಲ್ಲ. ಕತ್ತರಿ ಹಾಕಿದ ಜಾಗ ತಪ್ಪು.

ಮನೆಯವರಿಗೆ ಗೊತ್ತಾಗಿದ್ದು ಬುಧವಾರ. ಕಾರು ಒರೆಸೋಕೆ ಹೋದವರು ಹಾಗೇ ವಾಪಸ್ ಬಂದ್ರು. ಬಯ್ಯಲಿಲ್ಲ. ಮಾತು ನಿಲ್ಲಿಸಿಬಿಟ್ರು. ಊಟದ ಹೊತ್ತಲ್ಲಿ "ಉಪ್ಪು ಬೇಕಾ ಕೇಳು ಅವನನ್ನ" ಅಂತ ನನಗೆ ಹೇಳೋದು, ಅವನು "ಬೇಡ ಅಂತ ಹೇಳು" ಅನ್ನೋದು. ಇಬ್ಬರ ಮಧ್ಯೆ ಕೂತು ಕುಲುಕಾಟ ತಿನ್ನೋ ಕೆಲಸ ನಂದು. ಆ ಪ್ರೆಸ್ಸಿನ ಮೇಜಿನ ಮೇಲೆ ಒಂದು ದಿನ ಕಾಗದ ಇಟ್ಟಿದ್ರು, ಅವನಿಗೆ ಕಾಣೋ ಹಾಗೆ. ದೊಡ್ಡ ಅಕ್ಷರದಲ್ಲಿ ಬರೆದಿದ್ರು. ಮೋಟಾರು ವಾಹನ ಕಾಯ್ದೆ 1988, 52ನೇ ಕಲಂ. ಕಂಪನಿ ಮಾಡಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಅದೇ ವರ್ಷ ಕಾಯ್ದೆ ತಿದ್ದಿದ ಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಕೆಳಗೆ ಅಡಿಗೆರೆ ಎಳೆದು, "ಶಿಕ್ಷೆ ಮಾಲೀಕನಿಗೆ" ಅಂತ. ಮಾಲೀಕರು ಯಾರು? ಅವರೇ.

ಹನ್ನೊಂದು ದಿನ ಹೀಗೇ ನಡೀತು. ಹನ್ನೆರಡನೇ ದಿನ ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ರು.

82 ವರ್ಷ. ಸೊಂಟದ ಮೂಳೆ ಮುರೀತು. ಬಸವನಗುಡಿ ಕಡೆ ಆಸ್ಪತ್ರೇಲಿ ಆಪರೇಷನ್ ಆಯ್ತು, ಕೀಲಿನ ಚೆಂಡು ತೆಗೆದು ಬೇರೆದು ಹಾಕಿದ್ರು. ಕಳಿಸೋ ದಿನ ಫಿಸಿಯೋಥೆರಪಿ ಹುಡುಗಿ ಬಂದು ಪಾಠ ಹೇಳಿಕೊಟ್ಲು. ಕಾಲಮೇಲೆ ಕಾಲು ಹಾಕ್ಬಾರದು, ನೆಲದ ಮೇಲೆ ಕೂರ್ಬಾರದು. "ತಗ್ಗಾದ ಸೀಟಲ್ಲಿ ಮಾತ್ರ ಕೂರಿಸ್ಬೇಡಿ. ಮಂಡಿ ಸೊಂಟಕ್ಕಿಂತ ಮೇಲೆ ಬಂದ್ರೆ ಹಾಕಿರೋ ಕೀಲು ಜಾರೋ ಭಯ ಇರತ್ತೆ" ಅಂದ್ಲು. ನಾನು ಮಗನ ಕಡೆ ನೋಡ್ಲಿಲ್ಲ. ನೋಡೋ ಅಗತ್ಯ ಇರಲಿಲ್ಲ.

ಆಂಬುಲೆನ್ಸ್ ಹೇಳೋಣ ಅಂದ್ರೆ ಅತ್ತೆ ಒಪ್ಪಲಿಲ್ಲ. "ಅದ್ರಲ್ಲಿ ಬಂದ್ರೆ ಬೀದಿಯವರೆಲ್ಲ ನಾನು ಹೋದೆ ಅಂದ್ಕೋತಾರೆ" ಅಂದ್ರು. ನಮ್ಮನೆ ಮೆಟ್ಟಿಲು ಹತ್ತೋ ಮಾತಿಲ್ಲ, ಚಾಮರಾಜಪೇಟೆ ನಾದಿನಿ ಮನೆಗೇ ಕರ್ಕೊಂಡು ಹೋಗೋದು ಅಂತ ಆಯ್ತು. ಎರಡು ದಿಂಬು ಒಂದರ ಮೇಲೊಂದು ಇಟ್ಟು ಸೀಟು ಎತ್ತರ ಮಾಡಿದ್ವಿ. ಮುಂದೆ ಅತ್ತೆ, ಹಿಂದೆ ನಾನು, ಮನೆಯವರು, ನಾದಿನಿ, ಡಿಕ್ಕೀಲಿ ವಾಕರು, ಬಟ್ಟೆ ಗಂಟು. ಐದು ಜನರ ಭಾರಕ್ಕೆ ಕಾರು ಇನ್ನೂ ಕುಸೀತು.

ಬುಲ್ ಟೆಂಪಲ್ ರೋಡಲ್ಲಿ ಮಗ ಆಟೋಗಳೂ ನಮ್ಮನ್ನ ದಾಟಿ ಹೋಗೋ ಹಾಗೆ ಮೆಲ್ಲಗೆ ಓಡಿಸ್ದ. ಆದ್ರೂ ರಾಮಕೃಷ್ಣಾಶ್ರಮ ದಾಟಿದ ಮೇಲೆ ಒಂದು ಅಡ್ಡರಸ್ತೇಲಿ ಹಂಪು ಬಂತು. ಮುಂದಿನ ಚಕ್ರ ಹತ್ತಿ ಇಳೀತು, ಧಡ್ ಅಂತ ಒಂದು ಏಟು. ಬಗ್ಗೋಕೆ ಸ್ಪ್ರಿಂಗಿಗೆ ಜಾಗವೇ ಇರಲಿಲ್ಲ, ಕೆಳಗಿನ ರಬ್ಬರ್ ತಡೆಗೆ ಹೋಗಿ ಬಡೀತು. ಆಮೇಲೆ ಹೊಟ್ಟೆ ಹಂಪಿಗೆ ತಾಗಿ ಕರ್ರ್ ಅಂತ ಉಜ್ಕೊಂಡು ಹೋಯ್ತು. ಅತ್ತೆ "ಅಮ್ಮಾ" ಅಂದ್ರು. ಜೋರಾಗಿ ಕೂಗಲಿಲ್ಲ. ಆ ಒಂದು ಮಾತು ಕೇಳಿ ಕಾರಲ್ಲಿ ಉಸಿರು ನಿಂತ ಹಾಗಾಯ್ತು.

ಮಗ ಕಾರು ಪಕ್ಕಕ್ಕೆ ಹಾಕಿ ಸ್ಟೀರಿಂಗ್ ಹಿಡ್ಕೊಂಡು ಕೂತ. ಕಣ್ಣಲ್ಲಿ ನೀರು. ಮನೆಯವರು ಬಾಯಿ ತೆಗೆದ್ರು. ಹನ್ನೊಂದು ದಿನದ್ದು ಸೇರಿ ಬರತ್ತೆ ಅಂತ ನಾನು ಹೆದರಿದೆ. ಅಷ್ಟರಲ್ಲಿ ಅತ್ತೆಯೇ ಮಾತಾಡಿದ್ರು.

"ನೀನು ಏನೂ ಅನ್ಬೇಡ ಅವನಿಗೆ. ನಿನ್ನ ಯೆಜ್ಡಿ ಸೈಲೆನ್ಸರ್ ಒಳಗಿಂದ ಅದೇನೋ ಕಿತ್ತು ಬಿಸಾಕಿ, ಇಡೀ ಸುಲ್ತಾನ್‌ಪೇಟೆ ಎಬ್ಬಿಸ್ತಿದ್ದೆಯಲ್ಲ. ನಿಮ್ಮಪ್ಪ ಎರಡು ತಿಂಗಳು ನಿನ್ನ ಜೊತೆ ಮಾತು ಬಿಟ್ಟಿದ್ರು. ನಾನು ಮಧ್ಯೆ ಕೂತು ಸಾಯ್ತಿದ್ದೆ."

ನಂಗೆ ಈ ಕಥೆ ಗೊತ್ತೇ ಇರಲಿಲ್ಲ, ಮದುವೆಯಾಗಿ ಮೂವತ್ತು ವರ್ಷ. ಮನೆಯವರು ಕಿಟಕಿ ಆಚೆ ನೋಡೋಕೆ ಶುರು ಮಾಡಿದ್ರು. ಆಗೆಲ್ಲ ಹುಡುಗರು ಮೈಸೂರಲ್ಲಿ ತಯಾರಾದ ಜಾವಾ, ಯೆಜ್ಡಿಗೆ ಮಾಡ್ತಿದ್ದ ಕೆಲಸ ಅದು. ಒಳಗಿನ ತಡೆ ತೆಗೆದ್ರೆ ಗುಡುಗಿನ ಥರ ಸದ್ದು. ಮಗ ಕಣ್ಣು ಒರೆಸ್ಕೊಂಡು ಕನ್ನಡೀಲಿ ಅಪ್ಪನ ಮುಖ ನೋಡ್ದ. "ನಿಜವಾ?" ಅಂದ. ಹನ್ನೊಂದು ದಿನ ಆದ್ಮೇಲೆ ಅಪ್ಪನ ಜೊತೆ ನೇರವಾಗಿ ಆಡಿದ ಮೊದಲನೇ ಮಾತು. "ಗಾಡಿ ತೆಗಿ, ಅಜ್ಜಿಗೆ ನೋವಾಗತ್ತೆ" ಅಂದ್ರು ಇವರು. ಅದೂ ನೇರವಾಗೇ.

ಅತ್ತೇನ ಮಲಗಿಸಿದ ಮೇಲೆ ನಾನು ಹೊಲಿಗೆ ಟೇಪು ತಗೊಂಡು ಕಾಂಪೌಂಡಿಗೆ ಹೋದೆ. ಖಾಲಿ ಕಾರಿನ ಹೊಟ್ಟೆ ನೆಲದಿಂದ ಐದು ಇಂಚಿತ್ತು. ಕಂಪನಿ ಕೊಟ್ಟಿದ್ದು 170 ಮಿಲಿಮೀಟರ್, ಅಂದ್ರೆ ಆರೂಮುಕ್ಕಾಲು ಇಂಚು ಹತ್ರ. ಸರಿಯಾದ ಅಳತೆಯ ರಸ್ತೆ ಹಂಪು 10 ಸೆಂಟಿಮೀಟರ್ ಎತ್ತರ, ಮೂರು ಮುಕ್ಕಾಲು ಮೀಟರ್ ಹತ್ರ ಅಗಲ ಇರಬೇಕು. 10 ಸೆಂಟಿಮೀಟರ್ ಅಂದ್ರೆ ನಾಲ್ಕಿಂಚು. ಐದು ಜನ ಕೂತು ಇಂಚಿನ ಮೇಲೆ ಕುಸಿದ್ರೆ ಉಳಿಯೋದೇನು? ಅದೂ ನಮ್ಮೂರಲ್ಲಿ ಎಲ್ಲ ಹಂಪೂ ಅಳತೆ ಪ್ರಕಾರ ಇರತ್ತಾ? ಬ್ಲೌಸಿಗೆ ಉಸಿರಾಡೋ ಜಾಗ ಬಿಡದೆ ಹೊಲಿದ ಹಾಗಾಗಿತ್ತು.

ಮಾರನೇ ದಿನ ಜೆ.ಸಿ. ರೋಡಿಗೆ ಹೋದ್ವಿ, ಮೂವರೂ. ಬಿಡಿಭಾಗದ ಅಂಗಡಿಗಳ ಸಾಲು ಅದು. ಪಿಸ್ಟನ್ನಿಂದ ಬಾಗಿಲ ಹಿಡಿವರೆಗೆ ಅಲ್ಲಿ ಸಿಗದ್ದಿಲ್ಲ. ಅಂಗಡಿಯವರಿಗೆ ನಮ್ಮ ಅಪ್ಪನಾಗೋ ವಯಸ್ಸು. ನಾನು ಚೀಲದಿಂದ ಆ ಕುಯ್ದ ತುಂಡು ತೆಗೆದು ಇಟ್ಟೆ. ನೋಡಿ ಉಶ್ ಅಂದ್ರು.

"ಗ್ಯಾಸಲ್ಲಿ ಕುಯ್ದ್ರಾ, ಮಿಷಿನ್ನಲ್ಲಾ?" ಅಂದ್ರು. ಗೊತ್ತಿಲ್ಲ ಅಂದ ಮಗ. ಗ್ಯಾಸಿನ ಬೆಂಕಿ ಹಾಕಿದ್ರೆ ಉಕ್ಕಿಗೆ ಕೊಟ್ಟ ಹದ ಹೋಗತ್ತೆ, ಆ ಜಾಗದಲ್ಲಿ ಕುಸಿಯತ್ತೆ, ಇಲ್ಲಾ ಒಂದು ದಿನ ಮುರಿಯತ್ತೆ ಅಂದ್ರು. ಮಿಷಿನ್ನಲ್ಲಿ ಕುಯ್ದ್ರೂ ತುದಿ ಕಥೆ ಇದ್ದೇ ಇದೆ. ಸ್ಪ್ರಿಂಗಿನ ತುದಿ ಅದರ ಬಟ್ಟಲಲ್ಲಿ ಸರಿಯಾಗಿ ಕೂರೋ ಹಾಗೆ ಮಾಡಿರ್ತಾರೆ, ಕುಯ್ದ ತುದಿ ಕೂರಲ್ಲ. "ಗೊತ್ತು, ನನ್ನ ಸಾರು ಚೆಲ್ಲಿದೆ" ಅಂದೆ. ಅವರಿಗೆ ಅರ್ಥ ಆಗ್ಲಿಲ್ಲ, ಮಗನಿಗೆ ಆಯ್ತು.

ಅವರು ಹೇಳಿದ ಇನ್ನೊಂದು ಮಾತು ಕೇಳಿ ಮನೆಯವರ ಮುಖ ಬಿಳಿಚ್ಕೊಳ್ತು. ಚಕ್ರ ಗುಂಡಿಗೆ ಇಳಿದು ಒಂದು ಕ್ಷಣ ನೇತಾಡತ್ತಲ್ಲ, ಆಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಜರುಗಬಹುದು. ಮತ್ತೆ ಭಾರ ಬಿದ್ದಾಗ ಅದು ಎಲ್ಲಿ ಕೂರತ್ತೋ ಹೇಳೋಕಾಗಲ್ಲ. ವೇಗದಲ್ಲಿದ್ರೆ ಕಾರು ಕೈಗೆ ಸಿಗಲ್ಲ. ಶಾಕ್ ಅಬ್ಸಾರ್ಬರ್ ಮೊದಲಿನ ಸ್ಪ್ರಿಂಗಿಗೆ ಅಂತ ಮಾಡಿದ್ದು, ಈ ಗಡುಸು ಸ್ಪ್ರಿಂಗಿನ ಕುಣಿತ ತಡೆಯೋಕೆ ಅದರ ಕೈಲಾಗಲ್ಲ, ಬೇಗ ಹಾಳಾಗತ್ತೆ. ಚಕ್ರದ ಓರೆಯೂ ಬದಲಾಗಿರತ್ತೆ. ಹೊರಗೆ ಬಂದು ಟೈರಿನ ಒಳ ಅಂಚು ಮುಟ್ಟಿ ನೋಡಿದ್ವಿ. ಎರಡೇ ತಿಂಗಳಲ್ಲಿ ಸವೆಯೋಕೆ ಶುರುವಾಗಿತ್ತು.

"ರೇಸಿನವರು ಇಳಿಸ್ತಾರಲ್ಲ?" ಅಂದ ಮಗ, ಸೋಲೋಕೆ ಮನಸ್ಸಿಲ್ಲದೆ.

"ಇಳಿಸ್ತಾರಪ್ಪ. ಕಾರಿನ ಭಾರ ಕೆಳಗಿದ್ರೆ ತಿರುವಲ್ಲಿ ಓಲಾಟ ಕಮ್ಮಿ. ಆದ್ರೆ ಅವರು ಗಿಡ್ಡವಾಗೇ ಮಾಡಿದ ಸ್ಪ್ರಿಂಗ್ ಹಾಕಿ, ಅದಕ್ಕೆ ತಕ್ಕ ಶಾಕ್ ಹಾಕಿ, ನುಣ್ಣನೆ ಟ್ರ್ಯಾಕ್ ಮೇಲೆ ಓಡಿಸ್ತಾರೆ. ನೀನು ಅಜ್ಜೀನ ಕೂರಿಸ್ಕೊಂಡು ಮಾರ್ಕೆಟ್ ರೋಡಲ್ಲಿ ಓಡಿಸ್ತೀಯ."

ನಾಲ್ಕು ಸ್ಪ್ರಿಂಗು, ಮುಂದಿನ ಎರಡು ಶಾಕು, ಕೂಲಿ, ಅಲೈನ್‌ಮೆಂಟು ಎಲ್ಲ ಸೇರಿ 17,000 ರೂಪಾಯಿ ಹತ್ರ ಬಂತು. 2,500ರ ಕೆಲಸ ಬಿಚ್ಚೋಕೆ. ಮನೇಲಿ ಯಾರೂ ಈ ಕೆಲಸ ಮಾಡೋಕೆ ಹೋಗ್ಬೇಡಿ ಅಂತ ಅವರೇ ಎಚ್ಚರ ಹೇಳಿದ್ರು. ಒತ್ತಿ ಹಿಡಿದ ಸ್ಪ್ರಿಂಗ್ ಕೈ ತಪ್ಪಿದ್ರೆ ಮುಖ ಮೂತಿ ನೋಡಲ್ಲ.

ಮನೆಯವರು ಪರ್ಸಿಗೆ ಕೈ ಹಾಕಿದಾಗ ನಂಗೆ ತಡೀಲಿಲ್ಲ. "ಮೊದಲು ದುಡ್ಡು ಕೊಟ್ಟಿದ್ದು ನಾನು. ಏನಕ್ಕೆ ಅಂತ ಕೇಳಿರಲಿಲ್ಲ, ನಿಮಗೂ ಹೇಳಿರಲಿಲ್ಲ" ಅಂದೆ. ಅವರು ನನ್ನನ್ನ ಒಂದು ನಿಮಿಷ ನೋಡಿದ್ರು. "ಯೆಜ್ಡಿ ಸೈಲೆನ್ಸರ್ ಬಿಚ್ಚಿಸೋಕೆ ದುಡ್ಡು ಕೊಟ್ಟಿದ್ದು ನಮ್ಮಮ್ಮನೇ" ಅಂದ್ರು. ಕೊನೆಗೆ ಅರ್ಧ ಅವರು, ಕಾಲು ಮಗ, ಕಾಲು ನನ್ನ ಬೋರ್ನ್‌ವೀಟಾ ಡಬ್ಬಿ.

ಆಯುಧಪೂಜೆ ಹೊತ್ತಿಗೆ ಅತ್ತೆ ವಾಕರ್ ಹಿಡ್ಕೊಂಡು ವರಾಂಡಕ್ಕೆ ಬಂದು ಕೂರೋ ಹಾಗಾಗಿದ್ರು. ಎತ್ತರದ ಕುರ್ಚೀಲಿ. ಕಾರು ತೊಳೆದು, ಚೆಂಡು ಹೂವಿನ ಹಾರ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ವಿ. ಚಕ್ರದ ಮೇಲೆ ಮತ್ತೆ ನನ್ನ ಅಂಗೈ ಹಿಡೀತು. ಮಗನ ಆಸೆಗೆ ಮನೆಯವರೇ ಒಂದು ದಾರಿ ಹುಡುಕಿದ್ರು. ಪ್ರೆಸ್ಸಲ್ಲಿ ಸ್ಟಿಕ್ಕರ್ ಕತ್ತರಿಸಿ, ಹಿಂದಿನ ಗಾಜಿನ ಮೂಲೇಲಿ ಅವನ ಹೆಸರಿನ ಮೊದಲಕ್ಷರ, ಕನ್ನಡದಲ್ಲೇ. ಬೇಡ ಅನ್ನಿಸಿದ ದಿನ ಕಿತ್ತು ತೆಗೀಬಹುದು.

ಕುಯ್ದ ತುಂಡುಗಳಲ್ಲಿ ಒಂದು ಈಗ ಪ್ರೆಸ್ಸಿನ ಮೇಜಿನ ಮೇಲಿದೆ. ಫ್ಯಾನ್ ಗಾಳಿಗೆ ಲಗ್ನಪತ್ರಿಕೆ ಪ್ರೂಫ್ ಹಾರದ ಹಾಗೆ ಭಾರಕ್ಕೆ ಇಟ್ಟಿದಾರೆ. ಆವತ್ತು ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ರು. ಸಾರಿನ ಪಾತ್ರೆಗೆ ನಾನು ಹಳೇ ಬಟ್ಟೆ ಸಿಂಬೆಯನ್ನೇ ಹುಡುಕಿ ತೆಗೆದೆ. ಮೆತ್ತಗಿದೆ, ಭಾರ ಇಟ್ರೆ ಬಗ್ಗತ್ತೆ, ಪಾತ್ರೆ ನೆಟ್ಟಗೆ ಕೂರತ್ತೆ.